ಶೇಂಗಾ ಹಳದಿ ತಿರುಗಿದಾಗ: ಕಬ್ಬಿಣದ ನ್ಯಾನೋ ಕಣಗಳನ್ನು ಬಳಸುವ ಬಗೆ

ಪುಣೆಯ ಧನಕವಡಿಯಲ್ಲಿರುವ ನಮ್ಮ ಮನೆಯ ಮಾಳಿಗೆ ಮೇಲೆ ಇಪ್ಪತ್ತು ಕುಂಡಗಳಿವೆ. ಎಲ್ಲದರಲ್ಲೂ ಶೇಂಗಾ. ಮಣ್ಣು ದಿವೆ ಘಾಟ್ ಹತ್ತಿದರೆ ಸಿಗುವ ಸಾಸವಡ ಕಡೆಯದು, ಗೆಳೆಯರೊಬ್ಬರ ಹೊಲದಿಂದ ಚೀಲ ಕಟ್ಟಿ ತಂದದ್ದು. ನೋಡಲು ನಮ್ಮ ವಿಜಯಪುರದ ಎರಿ ಮಣ್ಣಿನ ಹಾಗೇ ಇದೆ, ಅದರ ರೋಗವೂ ಹಾಗೇ. ಬಿತ್ತಿ ಮೂರು ವಾರಕ್ಕೆ ಸುಳಿಯ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಇಲ್ಲಿನ ರೈತರು ಇದಕ್ಕೆ ‘ಕೇವಡಾ’ ಅನ್ನುತ್ತಾರೆ, ಕೇದಗೆಯ ಬಣ್ಣ ಬಂತು ಅನ್ನುವ ಅರ್ಥದಲ್ಲಿ. ಪಕ್ಕದ ಮನೆಯ ಕಾಕಾ ನೋಡಿ, “ನ್ಯಾನೋ ಕಬ್ಬಿಣ ಹೊಡೀರಿ, ವಾಟ್ಸಾಪಿನ್ಯಾಗ ಬಂದದ” ಅಂದರು. ನ್ಯಾನೋ ಕಬ್ಬಿಣ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುವ ಕಬ್ಬಿಣದ ಆಕ್ಸೈಡಿನ ಪುಡಿ. ಅಲ್ಲಿಂದ ಶುರುವಾಗಿ ಎರಡು ವರ್ಷ ಈ ಕೆಂಪು ಪುಡಿಯ ಹಿಂದೆ ಬಿದ್ದೆ. ಆಗ ಕಲಿತದ್ದನ್ನೆಲ್ಲ ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಪುಡಿ ಕೊಳ್ಳುವುದು ಕೊನೆಯ ಹೆಜ್ಜೆಗಳಲ್ಲೊಂದು. ನಾನು ಅದನ್ನೇ ಮೊದಲು ಮಾಡಿ ದುಡ್ಡು ಕಳೆದುಕೊಂಡೆ.

ಕಬ್ಬಿಣ ಇದೆ, ಗಿಡಕ್ಕೆ ಸಿಗುವುದಿಲ್ಲ

ದಖ್ಖನ್ನಿನ ಕಪ್ಪು ಮಣ್ಣು ಹುಟ್ಟಿದ್ದು ಬಸಾಲ್ಟ್ ಕಲ್ಲಿನಿಂದ. ಅದರಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಒಂದು ಕೆಜಿ ಮಣ್ಣಿನಲ್ಲಿ ಹತ್ತಾರು ಗ್ರಾಂ ಕಬ್ಬಿಣ ಇದ್ದೇ ಇರುತ್ತದೆ, ಗಿಡ ಕೇಳುವುದು ಕೆಲವೇ ಮಿಲಿಗ್ರಾಂ. ಅಡ್ಡಿ ಮಾಡುವುದು ಸುಣ್ಣ, ಅದು ಪಿಎಚ್ ಅನ್ನು, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆಯನ್ನು, ಏರಿಸುತ್ತದೆ. ಮಣ್ಣಿನ ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗುವ ಫೆರಿಕ್ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಪಿಎಚ್ 8 ದಾಟಿದ ಹೊಲದಲ್ಲಿ ಗಿಡ ಕಬ್ಬಿಣದ ರಾಶಿಯ ಮೇಲೆ ನಿಂತೇ ಉಪವಾಸ ಬೀಳುತ್ತದೆ.

ಗಿಡಗಳು ಸುಮ್ಮನೆ ಕೂತಿರುವುದಿಲ್ಲ. ಶೇಂಗಾ, ಸೋಯಾ, ಟೊಮ್ಯಾಟೊದಂಥವು ಬೇರಿನಿಂದ ಆಮ್ಲ ಬಿಟ್ಟು, ಫೆರಿಕ್ ಅನ್ನು ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ತಂದುಕೊಂಡು ಹೀರುತ್ತವೆ. ಜೋಳ, ಗೋಧಿ, ಕಬ್ಬಿನಂಥ ಹುಲ್ಲಿನ ಜಾತಿಯವು ಕಬ್ಬಿಣವನ್ನು ಹಿಡಿದು ತರುವ ಬೇರೊಂದು ರಸವನ್ನು ಮಣ್ಣಿಗೆ ಬಿಡುತ್ತವೆ. ನ್ಯಾನೋ ಕಣದ ಲೆಕ್ಕಾಚಾರ ನಿಂತಿರುವುದು ಇಲ್ಲೇ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು. 20 ಮೈಕ್ರಾನಿನ ಕಣವನ್ನು 20 ನ್ಯಾನೋಮೀಟರಿಗೆ ಒಡೆದರೆ ಅದೇ ತೂಕದ ಪುಡಿಯ ಮೈ ಸಾವಿರ ಪಟ್ಟು ಹಿಗ್ಗುತ್ತದೆ. ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುವ ಹಾಗೆ, ಬೇರಿನ ಆಮ್ಲಕ್ಕೆ ಕೆಲಸ ಮಾಡಲು ಅಷ್ಟು ಜಾಗ ಹೆಚ್ಚು ಸಿಗುತ್ತದೆ.

ಇದು ಬರೀ ಊಹೆಯಲ್ಲ. 2016ರಲ್ಲಿ ಚೀನಾದ ಸಂಶೋಧಕರು ಶೇಂಗಾ ಕುಂಡಗಳಿಗೆ ಕೆಜಿ ಮಣ್ಣಿಗೆ 2ರಿಂದ 1000 ಮಿಲಿಗ್ರಾಂವರೆಗೆ ಕಬ್ಬಿಣದ ಆಕ್ಸೈಡ್ ನ್ಯಾನೋ ಕಣ ಹಾಕಿ, ಬೇರು, ಎತ್ತರ, ತೂಕ ಹೆಚ್ಚಿದ್ದನ್ನು ತೋರಿಸಿದರು. ಅವರದು ಮರಳು ಮಣ್ಣು, ನಮ್ಮದು ಜಿಗುಟು ಎರಿ. ಅದಕ್ಕೂ ಮೊದಲು 2008ರಲ್ಲಿ, ನೀರಿನಲ್ಲಿ ಬೆಳೆಸಿದ ಕುಂಬಳದ ಗಿಡ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡಿನ ಕಣಗಳನ್ನು ಬೇರಿನಿಂದ ಎಲೆಯವರೆಗೆ ಒಯ್ದದ್ದು ಕಂಡುಬಂದಿತ್ತು. ಅದೇ ಪ್ರಯೋಗದಲ್ಲಿ ಲೈಮಾ ಅವರೆ ಒಯ್ಯಲೇ ಇಲ್ಲ. ಬೆಳೆ, ಮಣ್ಣು, ಹಾಕುವ ರೀತಿ ಬದಲಾದರೆ ಫಲಿತಾಂಶವೂ ಬದಲು. ಆದ್ದರಿಂದ ನಿಮ್ಮ ಮಣ್ಣಿನಲ್ಲಿ ನೀವೇ ಪರೀಕ್ಷೆ ಮಾಡಿ ನೋಡಬೇಕು.

ಮೊದಲು ರೋಗ ಹಿಡಿಯಿರಿ

ಹಳದಿ ಎಲ್ಲಿಂದ ಶುರುವಾಗಿದೆ ನೋಡಿ. ಕಬ್ಬಿಣ ಗಿಡದೊಳಗೆ ಹಳೆಯ ಎಲೆಯಿಂದ ಹೊಸ ಎಲೆಗೆ ಸರಾಗವಾಗಿ ಸರಿಯುವುದಿಲ್ಲ, ಆದ್ದರಿಂದ ಸುಳಿ ಮೊದಲು ಬಿಳಚುತ್ತದೆ. ಕೆಳಗಿನ ಹಳೆಯ ಎಲೆಗಳಿಂದ ಹಳದಿ ಏರುತ್ತಿದ್ದರೆ ಅದು ಬಹುತೇಕ ಸಾರಜನಕದ ಕೊರತೆ. ಅಂಥ ಗಿಡಕ್ಕೆ ಎಷ್ಟು ಕಬ್ಬಿಣ ಹಾಕಿದರೂ ವ್ಯರ್ಥ.

ಆಮೇಲೆ ಕುಂಚದ ಪರೀಕ್ಷೆ. ಇದು ನನಗೆ ಬಹಳ ಇಷ್ಟ, ಖರ್ಚು ಎರಡು ರೂಪಾಯಿಯೂ ಆಗುವುದಿಲ್ಲ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಮರಾಠಿ ಅಂಗಡಿಯಲ್ಲಿ ‘ಹಿರಾಕಸ’ ಅಂತ ಕೇಳಬೇಕು. ತಿಳಿ ಹಸಿರು ಹರಳಿರುವುದನ್ನೇ ತನ್ನಿ, ಕಂದು ಪುಡಿಯಾಗಿದ್ದರೆ ಅದು ಹಳಸಿದೆ. ಅರ್ಧ ಗ್ರಾಂ ಹರಳನ್ನು 100 ಮಿಲಿ ನೀರಿಗೆ ಹಾಕಿ ಕರಗಿಸಿ. ಮಕ್ಕಳ ಚಿತ್ರದ ಕುಂಚ ತೆಗೆದುಕೊಂಡು ಹಳದಿಯಾದ ಒಂದು ಎಲೆಯ ಅರ್ಧಭಾಗಕ್ಕೆ ಮಾತ್ರ ಸಂಜೆ ಹೊತ್ತು ಸವರಿ, ಆ ಕೊಂಬೆಗೆ ದಾರ ಕಟ್ಟಿ. ನನ್ನ ಎಲೆಯಲ್ಲಿ ನಾಲ್ಕನೆಯ ದಿನ ಏನೂ ಇರಲಿಲ್ಲ. ಏಳನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡಿದರೆ ನಡುನರದ ಎಡಕ್ಕೆ ಹಸಿರು ಚುಕ್ಕೆಗಳ ಹರಹು, ಬಲಕ್ಕೆ ಮೊದಲಿನಂತೆ ಹಳದಿ, ಗೆರೆ ಎಳೆದ ಹಾಗೆ. ಸವರಿದ ಅರ್ಧ ಹಸಿರಾದರೆ ಕಬ್ಬಿಣದ್ದೇ ಕೊರತೆ. ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ, ಬೇರೆ ಕಾರಣ ಹುಡುಕಿ.

ಮಣ್ಣನ್ನೂ ಪ್ರಯೋಗಾಲಯಕ್ಕೆ ಕೊಡಿ. ಸೂಕ್ಷ್ಮ ಪೋಷಕಾಂಶ ಸೇರಿಸಿ ಪರೀಕ್ಷೆ ಮಾಡಲು ಹೇಳಿ, ‘ಡಿಟಿಪಿಎ ಕಬ್ಬಿಣ’, ಅಂದರೆ ಗಿಡಕ್ಕೆ ಸಿಗುವ ಕಬ್ಬಿಣ, ಅನ್ನುವ ಸಾಲನ್ನು ನೋಡಿ. ಕೆಜಿಗೆ 4.5 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಅಂತ ಸಾಮಾನ್ಯವಾಗಿ ಲೆಕ್ಕ. ಮಣ್ಣು ಆರೋಗ್ಯ ಕಾರ್ಡಿನಲ್ಲೂ ಕಬ್ಬಿಣದ ಸಾಲು ಇರುತ್ತದೆ. ವರದಿ ಬರುವವರೆಗೆ ಕಾಯಲಾರದವರು ಒಣ ಮಣ್ಣಿನ ಒಂದು ಚಿಟಿಕೆ ಮೇಲೆ ವಿನೆಗರ್ ಹನಿ ಹಾಕಿ ಕಿವಿ ಹತ್ತಿರ ಹಿಡಿಯಲಿ. ಸುಂಯ್ ಅಂತ ನೊರೆ ಬಂದರೆ ಸುಣ್ಣ ಹೇರಳ.

ಪುಣೆಯವರು ನೀರನ್ನೂ ಅನುಮಾನಿಸಬೇಕು. ಬೇಸಿಗೆಯಲ್ಲಿ ಸೊಸೈಟಿಗೆ ಬರುವ ಬೋರಿನ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿಯಿದ್ದರೆ, ಅದೊಂದೇ ಸಾಕು ಎಲೆ ಹಳದಿ ಮಾಡಲು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರನ್ನು ಕುಂಡಕ್ಕೆ ಹಾಕುತ್ತಾ ಮೇಲೆ ನ್ಯಾನೋ ಸಿಂಪಡಿಸುವುದು ಅಂದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಹೆಚ್ಚು ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಇದೇ ಹಳದಿ. ಮಳೆಗಾಲದಲ್ಲಿ ನನ್ನ ಎರಡು ಕುಂಡ ತೂತು ಬಿಡಿಸಿದ ಮೇಲೆ ತಾವೇ ಸರಿಹೋದವು.

ಗೋವಾದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದೇ ಮಾತು: ಬೇಡ. ನಿಮ್ಮದು ಜಂಬಿಟ್ಟಿಗೆಯ ಹುಳಿ ಮಣ್ಣು, ಕಬ್ಬಿಣ ಕರಗಿಯೇ ಇರುತ್ತದೆ. ನೀರು ನಿಲ್ಲುವ ಭತ್ತದ ಗದ್ದೆಯಲ್ಲಿ ಅದು ಹೆಚ್ಚಾಗಿ ಎಲೆ ಕಂದಾಗುವುದೇ ಅಲ್ಲಿನ ಚಿಂತೆ.

ಬೀಜದಿಂದಲೂ ಉಳಿತಾಯ ಮಾಡಬಹುದು. ನಾನು ಬಿತ್ತಿದ್ದು ಟಿಎಜಿ-24, ಮುಂಬೈ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಿಂದ ಬಂದ ಗಿಡ್ಡ ತಳಿ. ಕಾಯಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಸುಣ್ಣದ ಮಣ್ಣಿನಲ್ಲಿ ಬೇಗ ಹಳದಿಯಾಗುತ್ತದೆ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಐಸಿಜಿವಿ 86031ರಂಥ ತಳಿಗಳು ಈ ಕೊರತೆಯನ್ನು ತಾಳಿಕೊಳ್ಳುತ್ತವೆ. ಎಕರೆಗಟ್ಟಲೆ ಬಿತ್ತುವವರು ಪುಡಿಗಿಂತ ಮೊದಲು ತಳಿಯ ಬಗ್ಗೆ ವಿಚಾರಿಸಲಿ.

ಪುಡಿ ಕೊಳ್ಳುವಾಗ

ಬೇಕಾಗಿರುವುದು ಮೂರರಲ್ಲಿ ಒಂದು: ಕೆಂಪು ಹೆಮಟೈಟ್, ಕಂದು ಮ್ಯಾಗ್ಹೆಮೈಟ್, ಕಪ್ಪು ಮ್ಯಾಗ್ನೆಟೈಟ್. ಮೊದಲೆರಡರಲ್ಲಿ ಕಬ್ಬಿಣ ಸುಮಾರು ಶೇ. 70, ಕಪ್ಪಿನಲ್ಲಿ ಶೇ. 72. ಕಣದ ಗಾತ್ರ 100 ನ್ಯಾನೋಮೀಟರಿಗಿಂತ ಕೆಳಗಿರಬೇಕು, ಗಾತ್ರ ಅಳೆದ ವರದಿಯನ್ನು ಕೇಳಿ ಪಡೆಯಿರಿ. ಪೊಟ್ಟಣದ ಮೇಲೆ ‘ನ್ಯಾನೋ’ ಎಂದು ಬರೆದಿದ್ದರೆ ಅದೇ ಸಾಕ್ಷಿಯಲ್ಲ.

ನನಗೆ ಮೊದಲ ಬಾರಿ ಸಿಕ್ಕಿದ್ದು ಆನ್‌ಲೈನಿನಲ್ಲಿ ತರಿಸಿದ ಒಂದು ಡಬ್ಬಿ, 50 ಗ್ರಾಂ. ಗಾಜಿನ ಲೋಟದಲ್ಲಿ ಕದಡಿ ಇಟ್ಟರೆ ಹತ್ತು ನಿಮಿಷದಲ್ಲಿ ತಳದಲ್ಲಿ ಕೆಂಪು ಕೆಸರು, ಮೇಲೆ ತಿಳಿನೀರು. ಬೋಹರಿ ಆಳಿಯ ಬಣ್ಣದಂಗಡಿಯಲ್ಲಿ ಸಿಗುವ, ನೆಲಕ್ಕೆ ಹಾಕುವ ರೆಡ್ ಆಕ್ಸೈಡನ್ನು ಪಕ್ಕದ ಲೋಟದಲ್ಲಿ ಕದಡಿ ಇಟ್ಟೆ. ಎರಡೂ ಅವಳಿ ಜವಳಿ. ಬೆಲೆ ಮಾತ್ರ ಆನೆ ಮತ್ತು ಆಡಿನ ಅಂತರ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ತಿಳಿ ಚಹಾದ ಬಣ್ಣ ಬರುವಷ್ಟು ತೆಳುವಾಗಿ ಪುಡಿಯನ್ನು ಕದಡಿ, ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಿಗ್ಗೆಯೂ ಮೇಲಿನ ನೀರಿಗೆ ಬಣ್ಣ ಉಳಿದಿದ್ದರೆ, ಕತ್ತಲ ಕೋಣೆಯಲ್ಲಿ ಅದರೊಳಗೆ ಲೇಸರ್ ಪೆನ್ನಿನ ಬೆಳಕು ಬಿಡಿ. ಹಂಚಿನ ಬೆಳಕಿಂಡಿಯಿಂದ ಬಿಸಿಲು ಬಿದ್ದಾಗ ಧೂಳಿನ ಕೋಲು ಕಾಣುವುದಿಲ್ಲವೇ, ಹಾಗೆ ನೀರಿನೊಳಗೆ ಬೆಳಕಿನ ಗೆರೆ ಕಂಡರೆ ಸಣ್ಣ ಕಣಗಳು ತೇಲುತ್ತಿವೆ ಎಂದರ್ಥ. ಅಯಸ್ಕಾಂತದ ಪರೀಕ್ಷೆಗೆ ಮರುಳಾಗಬೇಡಿ. ಕಪ್ಪು ಪುಡಿ ದಪ್ಪ ಇದ್ದರೂ ಅಂಟುತ್ತದೆ, ಕೆಂಪು ಹೆಮಟೈಟ್ ಅಸಲಿ ನ್ಯಾನೋ ಆದರೂ ಹೆಚ್ಚುಕಮ್ಮಿ ಅಂಟುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. 2021ರಲ್ಲಿ ಮಾರುಕಟ್ಟೆಗೆ ಬಂದ ಇಫ್ಕೋ ನ್ಯಾನೋ ಯೂರಿಯಾದ ಬಾಟಲಿಯನ್ನು ಜನ ಇದೇ ಅಂದುಕೊಳ್ಳುತ್ತಾರೆ. ಅದರಲ್ಲಿರುವುದು ಸಾರಜನಕ, ಅದಕ್ಕೂ ಕೇವಡಾಕ್ಕೂ ಸಂಬಂಧವಿಲ್ಲ. ಗೊಬ್ಬರ ಎಂದು ಮಾರುವ ವಸ್ತುವಿಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅನ್ವಯಿಸುತ್ತದೆ. ಅನ್ನಭೇದಿಗೂ ಇಡಿಟಿಎ ಕಬ್ಬಿಣಕ್ಕೂ (ಇಡಿಟಿಎ ಎಂಬ ರಾಸಾಯನಿಕ ಹಿಡಿದಿಟ್ಟ ಕಬ್ಬಿಣ) ಅದರಲ್ಲಿ ಗುಣಮಟ್ಟ ಗೊತ್ತುಮಾಡಿದೆ. ‘ನ್ಯಾನೋ ಐರನ್’ ಮಾರುವವರ ಬಳಿ ಅಂಥ ಕಾಗದವಿದೆಯೇ ಎಂದು ಕೇಳಲು ಸಂಕೋಚ ಬೇಡ.

ಪ್ರಯೋಗಾಲಯ ಇದ್ದವರಿಗೆ

ನಮ್ಮ ಕೆಳಗಿನ ಮನೆಯ ಹುಡುಗಿ ಎಂಎಸ್ಸಿ ರಸಾಯನಶಾಸ್ತ್ರ ಓದುತ್ತಾಳೆ. ಡಬ್ಬಿಯ ಕತೆ ಕೇಳಿ ನಕ್ಕು, “ಅಂಕಲ್, ಇದನ್ನ ನಾವು ಪ್ರಾಕ್ಟಿಕಲ್‌ನಲ್ಲೇ ಮಾಡ್ತೀವಿ” ಅಂದಳು. ಅವಳು ಕಾಲೇಜಿನಲ್ಲಿ ಮಾಡಿದ ಕ್ರಮ ಹೀಗಿದೆ. ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಅನ್ನಭೇದಿ 2.78 ಗ್ರಾಂ, ಎರಡನ್ನೂ 100 ಮಿಲಿ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 70ರಿಂದ 80 ಡಿಗ್ರಿಗೆ ಕಾಯಿಸುವುದು. ಜೋರಾಗಿ ಕಲಕುತ್ತಾ ಅಮೋನಿಯಾ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಪಿಎಚ್ 10ಕ್ಕೆ ತರುವುದು. ಕಿತ್ತಳೆ ಬಣ್ಣದ ನೀರು ನೋಡುನೋಡುತ್ತ ಕಾಡಿಗೆ ಕಪ್ಪಾಗುತ್ತದೆ. ಬೀಕರಿನ ಕೆಳಗೆ ಅಯಸ್ಕಾಂತ ಹಿಡಿದರೆ ಕಪ್ಪೆಲ್ಲ ತಳಕ್ಕೆ ಬಂದು ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಪಿಎಚ್ 7ಕ್ಕೆ ಬರುವವರೆಗೆ ತೊಳೆಯುವುದು. ಲೆಕ್ಕದ ಪ್ರಕಾರ 2.3 ಗ್ರಾಂ ಮ್ಯಾಗ್ನೆಟೈಟ್ ಬರಬೇಕು, ತೊಳೆಯುವಾಗ ಸ್ವಲ್ಪ ಹೋಗುತ್ತದೆ. ಫೆರಿಕ್ ಎರಡು ಪಾಲು, ಫೆರಸ್ ಒಂದು ಪಾಲು ಎಂಬ ಈ ಅನುಪಾತವೇ ಜೀವಾಳ. ಹಳಸಿದ ಅನ್ನಭೇದಿ ಹಾಕಿದರೆ ಅನುಪಾತ ಕೆಟ್ಟು ಕಪ್ಪಿನ ಬದಲು ಕಂದು ಬರುತ್ತದೆ.

ಅಡುಗೆಮನೆಯಲ್ಲಿ ಇದನ್ನು ಮಾಡಬೇಡಿ. ಕಾದ ಅಮೋನಿಯಾದ ಹೊಗೆ ಕಣ್ಣು, ಎದೆ ಎರಡನ್ನೂ ಸುಡುತ್ತದೆ, ಫೆರಿಕ್ ಕ್ಲೋರೈಡ್ ಸಿಂಕನ್ನೂ ತಿನ್ನುತ್ತದೆ.

ಎಷ್ಟು ಹಾಕಬೇಕು

ಎಲ್ಲರೂ ಎಡವುವುದು ಇಲ್ಲಿ. ಕುಂಡದ ಪ್ರಯೋಗ ಓದಿ ಅದನ್ನೇ ಹೊಲಕ್ಕೆ ಎಳೆದು ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು ಎಂಟು ಲಕ್ಷ ಕೆಜಿ ತೂಗುತ್ತದೆ. ಕೆಜಿಗೆ 50 ಮಿಲಿಗ್ರಾಂ ಅಂದರೆ ಎಕರೆಗೆ 40 ಕೆಜಿ ನ್ಯಾನೋ ಪುಡಿ. ಅಷ್ಟು ಕೊಳ್ಳುವ ಶಕ್ತಿಯಿದ್ದವರು ಶೇಂಗಾ ಬೆಳೆಯುವುದಿಲ್ಲ. ಅದೇ 50 ಮಿಲಿಗ್ರಾಂ ಅನ್ನು ಲೀಟರಿಗೆ ಬೆರೆಸಿ ಎಕರೆಗೆ 200 ಲೀಟರ್ ಸಿಂಪಡಿಸಿದರೆ ಬೇಕಾಗುವುದು ಬರೀ 10 ಗ್ರಾಂ. ಆದ್ದರಿಂದ ಮಣ್ಣಿಗೆ ಹಾಕುವುದು ಕುಂಡಕ್ಕೆ ಮಾತ್ರ, ಹೊಲಕ್ಕೆ ಎಲೆಯ ಮೇಲೆ ಅಥವಾ ಬೀಜದ ಮೇಲೆ.

50 ಮಿಲಿಗ್ರಾಂ ತೂಗಲು ಅಡುಗೆಮನೆಯ ತಕ್ಕಡಿ ಬರುವುದಿಲ್ಲ. ಅದಕ್ಕೆ ಮೂಲ ದ್ರಾವಣ ಮಾಡಿಕೊಳ್ಳಿ. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ 1 ಗ್ರಾಂ ಪುಡಿ ತೂಗಿ, ಮೊದಲು ಕೆಲವು ಹನಿ ನೀರು ಹಾಕಿ ಗಂಧದ ಹಾಗೆ ತೇಯ್ದು, ಆಮೇಲೆ ಬಟ್ಟಿ ಇಳಿಸಿದ ನೀರು ಸೇರಿಸುತ್ತಾ 1 ಲೀಟರ್ ಮಾಡಿ. ಈಗ 1 ಮಿಲಿಯಲ್ಲಿ 1 ಮಿಲಿಗ್ರಾಂ. ಇದರ 50 ಮಿಲಿ ತೆಗೆದು ನೀರು ಸೇರಿಸಿ 1 ಲೀಟರ್ ಮಾಡಿದರೆ ಸಿಂಪಡಿಸುವ ದ್ರಾವಣ ಸಿದ್ಧ. 10 ಕೆಜಿ ಮಣ್ಣಿನ ಕುಂಡಕ್ಕಾದರೆ, ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ 100 ಮಿಲಿ ಮೂಲ ದ್ರಾವಣ. ಅಲ್ಲಿಂದಲೇ ಶುರುಮಾಡಿ, ಒಮ್ಮೆಲೇ ಜಿಗಿಯಬೇಡಿ. ಕಬ್ಬಿಣ ಮಿತಿ ಮೀರಿದರೆ ಜೀವಕೋಶಗಳನ್ನೇ ಸುಡುತ್ತದೆ.

ನ್ಯಾನೋ ಕಣಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಚಟ. ಅಂಟಿದವು ಅಂದರೆ ನೀವು ದುಡ್ಡು ಕೊಟ್ಟ ‘ಸಣ್ಣತನ’ ಹೋಯಿತು. ಕಾಲೇಜಿನಲ್ಲಿ ಇದಕ್ಕೆ ಸೋನಿಕೇಟರ್, ಅಂದರೆ ಶಬ್ದದ ಅಲೆಗಳಿಂದ ಕಣ ಬಿಡಿಸುವ ಯಂತ್ರ, ಇರುತ್ತದೆ. ನಮ್ಮ ಬೀದಿಯ ಕನ್ನಡಕದಂಗಡಿಯವರ ಕನ್ನಡಕ ತೊಳೆಯುವ ಅಲ್ಟ್ರಾಸೋನಿಕ್ ಡಬ್ಬಿಯಲ್ಲಿ ಮುಚ್ಚಿದ ಬಾಟಲಿ ಇಟ್ಟು ಅರ್ಧ ಗಂಟೆ ಓಡಿಸಿಕೊಂಡೆ. ಸೋನಿಕೇಟರಿನಷ್ಟು ಅಲ್ಲ, ಆದರೆ ಕೈಯಿಂದ ಅಲುಗಿಸುವುದಕ್ಕಿಂತ ಎಷ್ಟೋ ಮೇಲು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಹುರಿದ ಶೇಂಗಾ ಕೊಡುವ ಮಾತಾಗಿದೆ.

ಹೋಲಿಸಿ ನೋಡುವ ಕ್ರಮ, ನಾನು ಮಾಡಿದ ತಪ್ಪಿನ ಸಮೇತ

ಮೊದಲ ವರ್ಷ ಹತ್ತು ಕುಂಡಕ್ಕೆ ನ್ಯಾನೋ, ಹತ್ತಕ್ಕೆ ಬರೀ ನೀರು. ಕಣ ಅಂಟದಿರಲಿ ಎಂದು ನ್ಯಾನೋ ನೀರಿಗೆ ಲೀಟರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಅದೇ ಲಿಂಬು ಸತ್ವ, ಬೆರೆಸಿದ್ದೆ. ಹತ್ತು ದಿನಕ್ಕೆ ಸುಳಿ ಹಸಿರಾಯಿತು. ಊರಿಗೆಲ್ಲ ಫೋಟೋ ಕಳಿಸಿದೆ. ಎರಡನೆಯ ವರ್ಷ ಆ ಹುಡುಗಿ ಕೇಳಿದಳು, “ಬರೀ ಲಿಂಬು ಸತ್ವ ಹೊಡೆದು ನೋಡಿದ್ರಾ?” ನೋಡಿರಲಿಲ್ಲ. ಹೊಡೆದರೆ ಅದರಿಂದಲೂ ಎಲೆ ಒಂದಷ್ಟು ಹಸಿರಾಯಿತು! ಹಳದಿ ಎಲೆಯೊಳಗೆ ಕಬ್ಬಿಣ ಹಲವು ಸಲ ಸಿಕ್ಕಿಬಿದ್ದಿರುತ್ತದೆ, ಆಮ್ಲ ಅದನ್ನು ಬಿಡಿಸುತ್ತದೆ. ನನ್ನ ನ್ಯಾನೋ ಪವಾಡದಲ್ಲಿ ಎಷ್ಟು ಪಾಲು ನಿಂಬೆಯದು ಎಂದು ಮೊದಲ ವರ್ಷದ ಲೆಕ್ಕದಿಂದ ಹೇಳುವುದೇ ಸಾಧ್ಯವಿಲ್ಲ.

ಆದ್ದರಿಂದ ಈಗ ಐದು ಬಗೆ, ಬಗೆಗೆ ನಾಲ್ಕು ಕುಂಡ: ಬರೀ ನೀರು; ನೀರು ಮತ್ತು ಸಿಟ್ರಿಕ್ ಆಮ್ಲ; ಬಣ್ಣದಂಗಡಿಯ ರೆಡ್ ಆಕ್ಸೈಡ್ 50 ಮಿಲಿಗ್ರಾಂ ಮತ್ತು ಆಮ್ಲ; ನ್ಯಾನೋ 50 ಮಿಲಿಗ್ರಾಂ ಮತ್ತು ಆಮ್ಲ; ಅನ್ನಭೇದಿ 5 ಗ್ರಾಂ ಮತ್ತು ಆಮ್ಲ. ಎಲ್ಲವೂ ಲೀಟರಿನ ಲೆಕ್ಕ, ಆಮ್ಲ ಎಲ್ಲದಕ್ಕೂ 1 ಗ್ರಾಂ. ಕೊನೆಯದು ರೈತರು ಮೊದಲಿನಿಂದ ಮಾಡುತ್ತ ಬಂದಿರುವ ಸಿಂಪಡಣೆ. ಅದರಲ್ಲಿ ಲೀಟರಿಗೆ ಸುಮಾರು 1 ಗ್ರಾಂ ಕಬ್ಬಿಣ, ನ್ಯಾನೋದಲ್ಲಿ 35 ಮಿಲಿಗ್ರಾಂ. ನ್ಯಾನೋ ಅದರ ಸಮಕ್ಕೆ ನಿಂತರೂ ಅದು ಗೆದ್ದಂತೆಯೇ. ಆದರೆ ಅನ್ನಭೇದಿ ಅಗ್ಗ, ಆದ್ದರಿಂದ ಕೊನೆಗೆ ಎರಡರ ಖರ್ಚನ್ನೂ ಪಕ್ಕಪಕ್ಕ ಬರೆಯಿರಿ.

ಯಾವ ಕುಂಡ ಎಲ್ಲಿ ಎಂಬುದಕ್ಕೆ ಚೀಟಿ ಎತ್ತಿ. ನನ್ನ ಮಾಳಿಗೆಯ ಪಡುವಣ ಗೋಡೆಯ ಬದಿಗೆ ಮಧ್ಯಾಹ್ನ ಎರಡರ ಮೇಲೆಯೇ ಬಿಸಿಲು. ಅಲ್ಲಿ ಒಂದೇ ಬಗೆಯ ಕುಂಡ ಸಾಲಾಗಿಟ್ಟರೆ ಬಿಸಿಲಿನ ಫಲವನ್ನು ಪುಡಿಯ ಫಲ ಅಂದುಕೊಳ್ಳುತ್ತೀರಿ. ಕುಂಡಕ್ಕೆ ಹೆಸರು ಬರೆಯದೆ ಬರೀ ಅಂಕಿ ಬರೆದು, ಅಳೆಯುವ ಕೆಲಸ ಮನೆಯ ಬೇರೆಯವರಿಗೆ ಕೊಡಿ. ನನ್ನ ಹೆಂಡತಿಗೆ ಯಾವುದು ನ್ಯಾನೋ ಎಂದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಉತ್ಸಾಹವೂ ಇಲ್ಲ. ಅಳತೆಗೆ ಅಂಥವರೇ ಬೇಕು.

ಸಿಂಪಡಣೆ ಮತ್ತು ಬೀಜೋಪಚಾರ

ಬಿತ್ತಿದ 30ನೆಯ ದಿನ ಒಂದು ಸಲ ಸಿಂಪಡಿಸಿ, ಹೂವಿನ ಸೂಜಿ ಮಣ್ಣಿಗಿಳಿಯುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಇನ್ನೊಮ್ಮೆ. ಹಳದಿ ಜೋರಾಗಿದ್ದರೆ ನಡುವೆ ಮತ್ತೊಂದು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದಕ್ಕೆ ಅನ್ನಭೇದಿ ಹೊಡೆದು ನಾಲ್ಕು ಕುಂಡದ ಎಲೆಯಂಚು ಸುಟ್ಟುಕೊಂಡಿದ್ದೇನೆ. ಎಲೆಯ ಅಡಿಬದಿಯೂ ನೆನೆಯಲಿ. ಬಟ್ಟೆ ಸೋಪಿನ ನೀರು ಬೆರೆಸಬೇಡಿ, ಅದು ಕ್ಷಾರ. ಸಿಂಪಡಿಸಿದ್ದು ಎಲೆಗೆ ಅಂಟಿಕೊಳ್ಳಲು ಗೊಬ್ಬರದಂಗಡಿಯ ಸ್ಟಿಕರ್ ದ್ರಾವಣ ನಾಲ್ಕು ಹನಿ ಸಾಕು, ಐದೂ ಬಗೆಗೆ ಒಂದೇ ಸಮ. ರಂಜಕದ ಗೊಬ್ಬರದ ಜೊತೆ ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಎರಡೂ ಕಟ್ಟಿಕೊಂಡು ಕೂರುತ್ತವೆ. ನಡುನಡುವೆ ಅಲುಗಿಸುತ್ತಾ ಒಂದು ಗಂಟೆಯೊಳಗೆ ಮುಗಿಸಿ.

ಗೋಧಿ ಬಿತ್ತುವವರು ಲೀಟರಿಗೆ 25 ಮಿಲಿಗ್ರಾಂನ ದ್ರಾವಣದಲ್ಲಿ ಬೀಜವನ್ನು ರಾತ್ರಿಯಿಡೀ ನೆನೆಸಿ ನೆರಳಲ್ಲಿ ಆರಿಸಿ ನೋಡಬಹುದು. ಅಷ್ಟೇ ಹೊತ್ತು ಬರೀ ನೀರಿನಲ್ಲಿ ನೆನೆಸಿದ ಬೀಜವನ್ನೂ ಪಕ್ಕದ ಸಾಲಿಗೆ ಹಾಕಿ, ಏಕೆಂದರೆ ನೆನೆಸಿದರೇ ಮೊಳಕೆ ಬೇಗ ಬರುತ್ತದೆ. ಶೇಂಗಾ ಬೀಜವನ್ನು ಹೀಗೆ ನೆನೆಸಬೇಡಿ, ಸಿಪ್ಪೆ ಬಿಟ್ಟು ಎರಡು ಹೋಳಾಗುತ್ತದೆ.

ಅಳತೆ

ವಾರಕ್ಕೊಮ್ಮೆ ಗಿಡದ ಎತ್ತರ ಅಳೆಯಿರಿ, ಮೇಲಿಂದ ಮೂರನೆಯ ಎಲೆಯ ಫೋಟೋ ತೆಗೆಯಿರಿ. ಎಲೆಯ ಪಕ್ಕ ಬಿಳಿ ಕಾಗದ ಇಟ್ಟು, ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಹಸಿರು ಅಳೆಯುವ ಸ್ಪ್ಯಾಡ್ ಮೀಟರ್ ಯಾರ ಬಳಿಯಾದರೂ ಎರವಲು ಸಿಕ್ಕರೆ ಭಾಗ್ಯ. ಎಲೆಯನ್ನು ಪ್ರಯೋಗಾಲಯಕ್ಕೆ ಕೊಡುವುದಾದರೆ ಚೆನ್ನಾಗಿ ತೊಳೆದು ಕೊಡಿ. ಮೇಲೆ ಅಂಟಿದ ಪುಡಿಯೇ ವರದಿಯಲ್ಲಿ ಕಬ್ಬಿಣವಾಗಿ ಕುಣಿಯುತ್ತದೆ. ಕೊನೆಯ ತೀರ್ಪು ಕಾಯಿಯದು: ಕಿತ್ತು, ಮಣ್ಣು ಕೊಡವಿ, ಬಿಸಿಲಲ್ಲಿ ಗಲಗಲ ಅನ್ನುವವರೆಗೆ ಒಣಗಿಸಿ, ಕುಂಡವಾರು ತೂಗಿ. ಒಂದೇ ಬಗೆಯ ನಾಲ್ಕು ಕುಂಡಗಳ ನಡುವಿನ ವ್ಯತ್ಯಾಸವೇ ಬಗೆಬಗೆಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿದ್ದರೆ ಏನೂ ಸಾಬೀತಾಗಿಲ್ಲ. ಇನ್ನೊಂದು ಹಂಗಾಮು ನೋಡಿ.

ಕೈ, ಮೂಗು, ಮೋರಿ

ಒಣ ಪುಡಿ ಉಸಿರಿಗೆ ಹೋಗಬಾರದು. ಡಬ್ಬಿ ತೆರೆಯುವಾಗ ಎನ್95 ಮಾಸ್ಕ್, ಕೈಗವಸು, ಫ್ಯಾನ್ ಬಂದ್. ತೂಗಿದ ಕೂಡಲೇ ಒದ್ದೆ ಮಾಡಿಬಿಡಿ. ಮನೆಯ ಮಿಕ್ಸರ್, ಲೋಟ, ಚಮಚ ಯಾವುದನ್ನೂ ಇದಕ್ಕೆ ಬಳಸಬೇಡಿ. ಎಲೆಯನ್ನೇ ತಿನ್ನುವ ಮೆಂತ್ಯ, ಪಾಲಕ್, ಕೊತ್ತಂಬರಿಗೆ ನಾನಂತೂ ಸಿಂಪಡಿಸುವುದಿಲ್ಲ. ಉಳಿದದ್ದನ್ನು ಮೋರಿಗೆ ಚೆಲ್ಲಿದರೆ ಹೋಗುವುದು ಮುಠಾ ನದಿಗೆ, ಅದರ ಬದಲು ದಾಸವಾಳದ ಕುಂಡಕ್ಕೆ ಹಾಕಿ.

ಮೂಲ ದ್ರಾವಣದ ಬಾಟಲಿಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ‘ಕುಡಿಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಎತ್ತರದಲ್ಲಿಡಿ. ತಿಳಿ ಕೆಂಪು ನೀರು, ನೋಡಲು ಥೇಟ್ ಹಾಲಿಲ್ಲದ ಚಹಾ. ಪಕ್ಕದ ಮನೆಯ ಕಾಕಾ ಒಮ್ಮೆ ಮಾಳಿಗೆಗೆ ಬಂದು ಅದರ ಮುಚ್ಚಳ ತೆಗೆದು ಮೂಸಿ ನೋಡಿ, “ಯಾಲಕ್ಕಿ ಹಾಕಿಲ್ಲೇನ್ರೀ?” ಅಂದಿದ್ದರು.